ಕನ್ನಡಿ ತೋರಿಸಿದ್ದು

ಊರಿನ ಎಲ್ಲ ಮೋಟರ್ ಸೈಕಲ್ಲುಗಳಂತೆ ಗದಿಗೆಪ್ಪನವರ ಗಾಡಿಯ ಕನ್ನಡಿಯೂ ಸವಾರ ಅಂದು ಎಲ್ಲಿ ಬೀಳುತ್ತಾನೆಂಬುದನ್ನು ಬೆಳಿಗ್ಗೆಯೇ ತೋರಿಸಿಬಿಡುತ್ತಿತ್ತು. ತೋರಿಸಿದ್ದು ತಪ್ಪುತ್ತಿರಲಿಲ್ಲ, ಬೀಳಬಾರದೆಂದರೆ ಗಾಡಿ ಹತ್ತಬಾರದು, ಅಷ್ಟೇ. ಎಪ್ಪತ್ತು ದಾಟಿದ ಮೇಲೆ ಕನ್ನಡಿ ಖಾಲಿಯಿರುವ ದಿನವೇ ಅಪರೂಪವಾಗಿ, ಗಾಡಿ ಅಂಗಳದಲ್ಲೇ ಧೂಳು ತಿನ್ನುತ್ತಿತ್ತು.

“ಇವತ್ತೆಲ್ಲಿ?” ಹೆಂಡತಿ ನೀಲವ್ವ ಅಡುಗೆಮನೆಯಿಂದಲೇ ಕೇಳಿದರು.

“ನಮ್ಮ ಗೇಟಿನ ಮುಂದ. ಸಂಜಿಗೆ ತಿರುಗಿ ಬಂದು ಸ್ಟ್ಯಾಂಡ್ ಹಾಕೂವಾಗ, ಎಡಕ್ಕ.”

“ಮತ್ತ ಹೋಗಬ್ಯಾಡ್ರಿ. ಮೊದಲೇ ಮೊಣಕಾಲು ನೆಟ್ಟಗಿಲ್ಲ.”

“ಹುಚ್ಚಿ, ಗೇಟಿನ ಮುಂದ ಬೀಳತೇನಿ ಅಂದ್ರ ದಾರಿಯಾಗ ಎಲ್ಲೂ ಬೀಳೂದಿಲ್ಲ ಅಂತ ಆತಲ್ಲ!”

ಕಪ್ಪತಗುಡ್ಡದ ತಿರುವುಗಳಲ್ಲಿ ಗದಿಗೆಪ್ಪ ಇಪ್ಪತ್ತರ ಹುಡುಗನಂತೆ ಗಾಡಿ ವಾಲಿಸಿದರು. ಗಾಳಿ ಅಂಗಿಯೊಳಗೆ ನುಗ್ಗಿ ಬೆನ್ನು ಉಬ್ಬಿಸಿತು. ಬಾಯಿಗೆ ಬಂದ ಹಾಡನ್ನೆಲ್ಲ ಗಟ್ಟಿಯಾಗಿ ಹಾಡಿದರು.

ಸಂಜೆ ಮನೆಯ ಗೇಟು ಕಂಡಾಗ ಮಾತ್ರ ಹಾಡು ನಿಲ್ಲಿಸಿ ವೇಗ ತಗ್ಗಿಸಿದರು. ಗಾಡಿ ನಿಲ್ಲಿಸಿ ನೋಡಿದರೆ, ಎಡಗಡೆ ನೆಲದ ಮೇಲೆ ಮನೆಯ ದಪ್ಪ ಹತ್ತಿಯ ಗಾದಿ, ಅದರ ಮೇಲೊಂದು ತಲೆದಿಂಬು. ಪಕ್ಕದಲ್ಲೇ ನೀಲವ್ವ ಎರಡು ಕಪ್ ಹಿಡಿದು ನಿಂತಿದ್ದರು.

“ಲಗೂನ ಬೀಳ್ರಿ,” ಎಂದರು. “ಚಾ ಆರಾಕತ್ತೈತಿ.”