ಕಾಲ ಕೆಳಗಿನ ಕಂಬಳಿ

ನಬಿಸಾಬ್ ತಾನು ತಂದದ್ದನ್ನೆಲ್ಲ ಮೋಟಾರಿನ ಮುಂದೆ ಹರವಿದ. ಹತ್ತಿಯ ಗಾದಿ, ತೆಂಗಿನ ನಾರಿನ ಚಾಪೆ, ಲಾವಂಚದ ತಟ್ಟಿ, ಕುರಿ ಉಣ್ಣೆಯ ಕರೀ ಕಂಬಳಿ. ಕಲಬುರಗಿಯ ಟಾಂಗಾಗಳಿಗೆ ಗಾದಿ ಹೊಲಿಯುವವನು ಅವನು. ಮೋಟಾರಿಗೆ ಒಳಹಾಸು ಹೊಲಿಯುವುದು ಇದೇ ಮೊದಲು. ತಹಸೀಲಿನ ಸಾಹೇಬರೊಬ್ಬರು ಓಡಿಸಿ ಬಿಟ್ಟಿದ್ದ ಆ ಹಳೇ ಮೋಟಾರನ್ನು ತೊಗರಿ ವ್ಯಾಪಾರದ ದೌಲಪ್ಪ ಕೊಂಡಿದ್ದ. ಓಡತೊಡಗಿದರೆ ಒಳಗಿನ ತಗಡು ಕಾದ ಹೆಂಚಾಗುತ್ತಿತ್ತು. ಸದ್ದಿಗೆ ಪಕ್ಕದಲ್ಲಿ ಕೂತವರ ಮಾತೂ ಕೇಳುತ್ತಿರಲಿಲ್ಲ. ತವರಿಗೆ ಬಂದಿದ್ದ ಮಗಳು ಸೂಗಮ್ಮನನ್ನು ಕಮಲಾಪುರದ ಗಂಡನ ಮನೆಗೆ ಬಿಟ್ಟುಬರಬೇಕಿತ್ತು. ಒಳಗೆ ಏನಾದರೂ ಹಾಸಿಸದೆ ತಾನು ಜೊತೆಗೆ ಬರುವವಳಲ್ಲ ಎಂದು ಹೆಂಡತಿ ನೀಲಗಂಗಮ್ಮ ಹಟ ಹಿಡಿದಿದ್ದಳು. ಕಾಲು ಸುಡುತ್ತವೆ ಎಂಬುದು ಅವಳು ಹೇಳಿದ ಕಾರಣ.

ದೌಲಪ್ಪ ಲಾವಂಚದ ತಟ್ಟಿಗೆ ಕೈ ಹಾಕಿದ. ನೀರು ಚಿಮುಕಿಸಿದರೆ ತಂಪಿಗೆ ತಂಪು, ಘಮಕ್ಕೆ ಘಮ ಎಂದ. ನೀಲಗಂಗಮ್ಮ ಒಪ್ಪಲಿಲ್ಲ. ಒಳಗಿಂದ ಹಿಟ್ಟು ನಾದುವ ಹಿತ್ತಾಳೆಯ ಪರಾತ ತಂದು ತಟ್ಟಿಯ ಮೇಲೆ ಬೋರಲಿಟ್ಟು ಬಡಿದಳು, ಠಣ್ ಎಂದಿತು. ತಟ್ಟಿ ಸರಿಸಿ, ಕಂಬಳಿಯನ್ನು ಮಡಚಿ ಪರಾತದ ಅಡಿಗೆ ಇಟ್ಟು ಬಡಿದಳು. ಸದ್ದು ಅಲ್ಲೇ ಅಡಗಿತು. ಕೂಸು ಮಲಗಿದಾಗ ಬೀಸುವ ಕಲ್ಲಿನ ಅಡಿಗೆ ಕಂಬಳಿಯ ತುಂಡು ಇಟ್ಟು ಬೀಸಿದವಳು ಅವಳು.

"ತಂಪು ಬೇಕಾಗಿದ್ದು ಕಾಲಿಗೋ, ಕಿವಿಗೋ?" ಎಂದು ದೌಲಪ್ಪ ನಕ್ಕ.

"ಎರಡಕ್ಕೂ ಬೇಕ್ರಿ."

"ಅವ್ವಾರು ಹೇಳೋದು ಖರೆ ಅದರಿ," ನಬಿಸಾಬ್ ಗಾದಿಯನ್ನು ಪಕ್ಕಕ್ಕೆ ಸರಿಸಿದ. "ಹತ್ತಿಗಿ ಕಿಡಿ ಬಿದ್ರ ಗಾಡಿನೇ ಹೋಳಿ ಆಗ್ತದ. ಉಣ್ಣಿ ಸುಡೂಕಿಂತ ಮೊದಲು ನಾತ ಬಡದು ಹೇಳ್ತದ."

ಕಂಬಳಿಯನ್ನು ಎರಡು ಮಡಿಕೆ ಮಾಡಿ, ನಡುವೆ ಗೋಣಿ ಇಟ್ಟು ಹೊಲಿದು, ಕಾಲಡಿಗೆ, ಎಂಜಿನ್ನಿನ ಕಡೆಯ ತಗಡಿಗೆ, ಬಾಗಿಲುಗಳಿಗೆಲ್ಲ ಅವನು ಬಿಗಿದುಕೊಟ್ಟ.

ನೀಲಗಂಗಮ್ಮ ನಿಜವಾದ ಕಾರಣವನ್ನು ಯಾರಿಗೂ ಹೇಳಿರಲಿಲ್ಲ. ಅವಳ ತವರು ಕಮಲಾಪುರ. ಇದೇ ದಾರಿಯಲ್ಲಿ ಎತ್ತಿನ ಗಾಡಿಯಲ್ಲಿ ಅವಳನ್ನು ಕಲಬುರಗಿಗೆ ಕಳಿಸಲು ಅವ್ವ ಜೊತೆಗೆ ಬರುತ್ತಿದ್ದಳು. ಊರು ದಾಟಿ, ದಾರಿಯುದ್ದಕ್ಕೂ ಇದ್ದ ಹುಣಸೆಮರಗಳ ಸಾಲು ಶುರುವಾದೊಡನೆ, ಗಾಡಿ ಹೊಡೆಯುತ್ತಿದ್ದ ಅಪ್ಪ ಕಾಲು ಜೋಮು ಹಿಡಿದವು ಎಂದು ಇಳಿದುಬಿಡುತ್ತಿದ್ದ. ಎತ್ತುಗಳು ತಮ್ಮ ಪಾಡಿಗೆ ಬರುತ್ತಿದ್ದವು, ಅವನು ಮುಂದೆ ಮುಂದೆ, ಹೊರಳಿ ನೋಡದೆ ನಡೆಯುತ್ತಿದ್ದ. ಆ ಕಡೆಯ ಗಂಡಸರೆಲ್ಲ ಹಾಗೆಯೇ ಇಳಿಯುತ್ತಿದ್ದರು. ಆಗ ಅವ್ವ ಗಂಡನ ಮನೆಯಲ್ಲಿ ಹೇಗಿದ್ದೀ ಎಂದು ಕೇಳುತ್ತಿದ್ದಳು. ತವರಲ್ಲೂ ಆಡಲಾಗದ, ಗಂಡನ ಮನೆಯಲ್ಲೂ ಆಡಲಾಗದ ಮಾತು ಆ ದಾರಿಯಲ್ಲಿ ಹೊರಬೀಳುತ್ತಿತ್ತು. ಕಲಬುರಗಿ ಕೋಟೆಯ ಬುರುಜು ಕಾಣುವ ಹೊತ್ತಿಗೆ ಅತ್ತು, ಮುಖ ತೊಳೆದು, ಎಲ್ಲ ಮುಗಿದಿರುತ್ತಿತ್ತು. ಅಪ್ಪ ಗಾಡಿ ಹತ್ತಿ, ಬುತ್ತಿಯಲ್ಲಿ ಏನಿದೆ ಎಂದಷ್ಟೇ ಕೇಳುತ್ತಿದ್ದ.

ಸೂಗಮ್ಮ ಈ ಸಲ ಬಂದಾಗಿನಿಂದ ಒಮ್ಮೆಯೂ ನಕ್ಕಿರಲಿಲ್ಲ. ಮನೆ ತುಂಬ ಜನ. ಏನು ಕೇಳಿದರೂ ಛಲೋ ಇದ್ದೀನಿ ಎನ್ನುತ್ತಿದ್ದಳು.

ಮೋಟಾರು ಊರು ದಾಟಿತು. ದೌಲಪ್ಪ ಮುಂದೆ, ತಾಯಿ ಮಗಳು ಹಿಂದೆ. ಅಬ್ಬರಿಸುತ್ತಿದ್ದ ಗಾಡಿ ಈಗ ಗಂಟಲಲ್ಲೇ ಗುನುಗುತ್ತಿತ್ತು. ಹುಣಸೆಮರಗಳು ಬಂದವು. ನೀಲಗಂಗಮ್ಮ ಮಗಳ ಕೈ ಹಿಡಿದು ಮೆಲ್ಲಗೆ ಕೇಳಿದಳು. ಸೂಗಮ್ಮ ಹೊರಗೆ ನೋಡುತ್ತಲೇ ಹೇಳಿದಳು.

"ಎಲ್ಲರದೂ ಊಟ ಆಗ್ತದ ಯವ್ವಾ. ನಾ ದನಕ್ಕ ನೀರು ಕುಡಿಸಿ ಬರೂದ್ರಾಗ ಅತ್ತಿ ಗಡಿಗಿ ತೊಳದು ಬೋರಲು ಹಾಕಿರ್ತಾಳ."

"ಗಂಡ?"

"ನೋಡ್ತಾನ. ಕೈ ಒರಸಿಕೊಂಡು ಎದ್ದು ಹೋಗ್ತಾನ."

ದೌಲಪ್ಪ ಇಳಿದು ಮುಂದೆ ನಡೆಯುವಂತಿರಲಿಲ್ಲ. ಗಾಡಿ ಅವನ ಕೈಯಲ್ಲಿತ್ತು. ಸದ್ದಡಗಿದ ಮೋಟಾರಿನಲ್ಲಿ ಮುಂದೆ ಕೂತವನಿಗೂ ಕಿವಿಯಿದೆ ಎಂಬುದು ಹಿಂದಿನ ಇಬ್ಬರಿಗೂ ಹೊಳೆಯಲಿಲ್ಲ. ಅವನ ಕತ್ತು ಸೆಟೆದದ್ದನ್ನೂ ಅವರು ಗಮನಿಸಲಿಲ್ಲ.

ಕಮಲಾಪುರದ ಕೆಂಪು ಬಾಳೆಯ ತೋಟಗಳು ಕಂಡವು. ಸೂಗಮ್ಮ ಕಣ್ಣೊರೆಸಿಕೊಂಡು ಸೆರಗು ಸರಿಮಾಡಿಕೊಂಡಳು. ದೌಲಪ್ಪ ಮೋಟಾರು ನಿಲ್ಲಿಸಿದ. ಹಿಂದಕ್ಕೆ ತಿರುಗಲಿಲ್ಲ.

"ಕಾಲು ಸುಡಲಾಕತ್ತಾವ," ಎಂದ. "ಈ ಕಂಬಳಿ ಸಾಲವಲ್ದು. ಹೊಳ್ಳಿ ಮನಿಗಿ ಹೋಗಮು."

ನೀಲಗಂಗಮ್ಮ ಮಗಳ ಕೈ ಬಿಡದೆ ಮುಂದಕ್ಕೆ ಬಾಗಿದಳು. "ಮತ್ತ ಯಾವಾಗ ಬರೋದ್ರಿ?"

"ದಪ್ಪಂದು ನೇಯಿಸಬೇಕು. ಅದರ ಕುರಿ ಇನ್ನಾ ಅಡವ್ಯಾಗ ಮೇಯಲಾಕತ್ತಾವ."

ಮೋಟಾರು ಹೊರಳಿತು. ನೀಲಗಂಗಮ್ಮ ಬಗ್ಗಿ ಕಾಲ ಕೆಳಗಿನ ಕಂಬಳಿ ಮುಟ್ಟಿ ನೋಡಿದಳು. ತಣ್ಣಗಿತ್ತು.