ಗಾಜು ಹತ್ತಿದ ಹುಳುಗಳು

ಮೂರನೇ ಸಲವೂ ಉಬ್ಬು ಕಾಣಲಿಲ್ಲ. ಎಮೊಕೆ ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆದು ಗೋಡೆಯ ಮೇಲಿನ ನಕ್ಷೆಯನ್ನು ನೋಡಿದಳು. ಹಣ್ಣುನೊಣದ ಮರಿಹುಳುವಿಗೆ ನೂರು ಗಂಟೆ ತುಂಬಿದಾಗ ಅದರ ಜೊಲ್ಲುಗ್ರಂಥಿಯ ವರ್ಣತಂತು ಒಂದು ಕಡೆ ಊದಿಕೊಳ್ಳುತ್ತದೆ, ಅಲ್ಲಿನ ಜೀನು ಆಗ ಕೆಲಸಕ್ಕಿಳಿಯುತ್ತದೆ ಎಂದು ನಕ್ಷೆ ಹೇಳುತ್ತಿತ್ತು. ನಕ್ಷೆ ಪ್ರೊಫೆಸರ್ ವಾಮೋಶ್ ಅವರದು, ಹಂಗೇರಿಯ ಪಠ್ಯಪುಸ್ತಕಗಳಲ್ಲೆಲ್ಲ ಅಚ್ಚಾದದ್ದು. ಉಬ್ಬು ಕಾಣದಿದ್ದರೆ ಅವಳ ಡಾಕ್ಟರೇಟ್ ಪ್ರಬಂಧಕ್ಕೆ ರುಜು ಹಾಕುವುದಿಲ್ಲವೆಂದು ಅವರು ಖಡಾಖಂಡಿತವಾಗಿ ಹೇಳಿದ್ದರು. ನಕ್ಷೆ ಸರಿಯಾಗಿದೆ, ನಿನ್ನ ಕೈಯೇ ಸರಿಯಿಲ್ಲ ಎಂದೂ ಹೇಳಿದ್ದರು. ಪ್ರಬಂಧ ಒಪ್ಪಿಸಲು ಶುಕ್ರವಾರ ಕೊನೆಯ ದಿನ. ಇವತ್ತು ಗುರುವಾರ.

ಸೀಸೆ ತೊಳೆಯಲು ಬಂದ, ಎಲ್ಲರೂ ಚಿಕ್ಕಮ್ಮ ಎನ್ನುವ ಪಿರೋಷ್ಕಾ ಅವಳ ಸಪ್ಪೆ ಮುಖ ನೋಡಿ ಪಕ್ಕದಲ್ಲೇ ನಿಂತಳು. ಇಪ್ಪತ್ತು ವರ್ಷದಿಂದ ಆ ಪ್ರಯೋಗಾಲಯದ ನೊಣಗಳಿಗೆ ಜೋಳದ ಗಂಜಿ ಕಾಯಿಸಿ ಹಾಕುತ್ತಿದ್ದವಳು ಅವಳೇ.

"ಹುಳ ಎಲ್ಲಿಂದ ತೆಗೀತೀಯೇ?"

"ಗಂಜಿ ಒಳಗಿಂದ, ಚಿಕ್ಕಮ್ಮ."

"ಅಯ್ಯೋ ಪೆದ್ದಿ. ಗಾಜು ಹತ್ತಿ ಕೂತಿರ್ತಾವಲ್ಲ, ಅವನ್ನ ತೆಗಿ. ಪ್ರೊಫೆಸರ್‌ಗೆ ಕೈ ಅಂಟಂಟಾದ್ರೆ ಆಗಲ್ಲ. ಅದಕ್ಕೇ ಮೊದಲಿಂದ್ಲೂ ನಾನು ಅವ್ರಿಗೆ ಗಾಜಿನ ಮೇಲಿನವನ್ನೇ ಎತ್ತಿ ಕೊಡೋದು."

ಎಮೊಕೆ ಮತ್ತೆ ನಕ್ಷೆಯ ಕಡೆ ತಿರುಗಿದಳು. ನೊಣವಾಗುವ ಮುಂಚೆ ಕೋಶ ಕಟ್ಟಲು ಹೊರಟ ಹುಳುಗಳು ಮಾತ್ರ ಗಂಜಿ ಬಿಟ್ಟು ಗಾಜು ಹತ್ತುತ್ತವೆ. ಸೀಸೆಯಲ್ಲಿ ಎಲ್ಲಕ್ಕಿಂತ ಮೊದಲು ಇಟ್ಟ ಮೊಟ್ಟೆಗಳವು. ಕೊನೆಯ ಮೊಟ್ಟೆಯಿಂದ ಎಣಿಸಿ ಬರೆದ ಸೀಸೆಯ ಚೀಟಿಯಲ್ಲಿ ನೂರು ಗಂಟೆ ಎಂದಿದ್ದರೂ ಅವಕ್ಕೆ ಆಗಲೇ ನೂರಾಹತ್ತು ತುಂಬಿರುತ್ತದೆ. ಪ್ರೊಫೆಸರರ ಕೈ ಅಂಟಾಗಬಾರದೆಂದು ಒಬ್ಬ ಹೆಂಗಸು ಆರಿಸಿಕೊಟ್ಟ ಹುಳುಗಳನ್ನು ಇಡೀ ದೇಶವೇ ಬಾಯಿಪಾಠ ಮಾಡುತ್ತಿತ್ತು.

ಗಾಜಿನ ಮೇಲಿನದೊಂದನ್ನು ಎತ್ತಿ ನೋಡಿದಳು. ಉಬ್ಬು ಇತ್ತು, ಹುದುಗು ಬಂದ ಹಿಟ್ಟಿನ ಹಾಗೆ ದುಂಡಗೆ.

ಶುಕ್ರವಾರ ಆ ಸ್ಲೈಡು ನೋಡಿದ ಪ್ರೊಫೆಸರರ ಮುಖ ಅರಳಿತು, ಕೈ ಪೆನ್ನಿಗೆ ಹೋಯಿತು. ಎಮೊಕೆ ಅಲ್ಲಿಗೇ ಬಾಯಿ ಮುಚ್ಚಿಕೊಂಡಿದ್ದರೆ ಎಲ್ಲ ಸುಸೂತ್ರ. ಆದರೆ ಅವಳಿಗೆ ತಡೆಯಲಾಗಲಿಲ್ಲ. ಇನ್ನೊಂದು ಸ್ಲೈಡನ್ನೂ ಮುಂದಿಟ್ಟು, ಅದು ಗಾಜಿನ ಮೇಲಿನದು, ಇದು ಗಂಜಿಯೊಳಗಿನದು, ಸೀಸೆಯೂ ಒಂದೇ ಚೀಟಿಯ ಗಂಟೆಯೂ ಒಂದೇ, ಉಬ್ಬು ಮಾತ್ರ ಇದರಲ್ಲಿಲ್ಲ ಎಂದು ತಡವರಿಸುತ್ತ ಹೇಳಿದಳು.

ಅವರು ಬಹಳ ಹೊತ್ತು ನೋಡಿದರು. ಕಿವಿ ಕೆಂಪಾಯಿತು. ಎಮೊಕೆಗೆ ಭಯವಾಯಿತು, ಜೊತೆಗೆ ಮುದುಕರ ಬಗ್ಗೆ ಪಾಪ ಅನ್ನಿಸಿತು.

"ಇವು ಸೋಮಾರಿ ಹುಳ," ಎಂದರು ಕೊನೆಗೆ. "ಇಂಥವನ್ನೆಲ್ಲ ಯಾಕಮ್ಮ ತಲೆಗೆ ಹಚ್ಕೋತೀಯಾ? ಮೊದಲನೇದಷ್ಟೇ ಬರಿ."

ರುಜು ಬಿತ್ತು. ಎಮೊಕೆ ಎರಡನೆಯ ಸ್ಲೈಡನ್ನು ಜೇಬಿಗೆ ಹಾಕಿಕೊಂಡು, ಉಪಕಾರವಾಯಿತು ಎಂದಳು. ಹಾಗೆಂದದ್ದಕ್ಕೆ ಅವಳಿಗೇ ನಾಚಿಕೆಯಾಯಿತು.

ಈಗ ಡಾಕ್ಟರ್ ಎಮೊಕೆ ಅದೇ ನಕ್ಷೆ ತೋರಿಸಿ ಪಾಠ ಮಾಡುತ್ತಾಳೆ. ಗಂಜಿಯೊಳಗಿನ ಹುಳುಗಳು ಮಾತ್ರ ಇವತ್ತಿಗೂ ನಕ್ಷೆಗಿಂತ ಹತ್ತು ಗಂಟೆ ತಡವಾಗಿಯೇ ಬೆಳೆಯುತ್ತಿವೆ.