ಸುಜಯಾ ಹೊಡೆದುಹಾಕಿದ ಒಂದು ಪದ

ಸುಜಯಾ ಟೀವಿಯಲ್ಲಿ ನ್ಯೂಸ್ ಓದಲು ಕೂತರೆ ಹುಬ್ಬಳ್ಳಿಯ ಚಹಾದಂಗಡಿಗಳಲ್ಲಿ ಜನ ಕುಡಿಯೋದು ಬಿಟ್ಟು ನೋಡುತ್ತಿದ್ದರು...

ಏನು ಗಂಟಲು ಮಹಾರಾಯರೇ ಅದು. ಕೇಬಲ್ ಚಾನೆಲ್‌ನಲ್ಲಿ ಬಂಗಾರದ ರೇಟು ಓದುತ್ತಿದ್ದ ಹುಡುಗಿ ಆ ಗಂಟಲಿನಿಂದಲೇ ದೊಡ್ಡ ಚಾನೆಲ್‌ನ ಬೆಳಗಿನ ಬುಲೆಟಿನ್‌ಗೆ ಬಂದಿದ್ದಳು. ಅವಳ ಕಣ್ಣೆಲ್ಲ ಪ್ರೈಮ್ ಟೈಮ್ ಮೇಲೆ.

ಆ ದಿನ ಅವಳ ಕೈಗೆ ಬಂದ ಸುದ್ದಿ ಇದು...

"ಬೊಂಬಾಯಿ ಮಿಠಾಯಿ ಮಾರುವವರ ವೇಷದಲ್ಲಿ ಮಕ್ಕಳ ಕಳ್ಳರು ಊರಿಗೆ ನುಗ್ಗಿದ್ದಾರೆ ಎನ್ನಲಾಗಿದೆ."

ಸುಜಯಾ ಪೆನ್ನು ತೆಗೆದು ಕೊನೆಯ ಪದವನ್ನು ಹೊಡೆದುಹಾಕಿದಳು.

"ಅದನ್ನ ತೆಗೀಬ್ಯಾಡವಾ, ಸುದ್ದಿ ಇನ್ನೂ ಖಾತ್ರಿ ಆಗಿಲ್ಲ," ಎಂದರು ನ್ಯೂಸ್ ಡೆಸ್ಕಿನ ಹಿರಿಯರಾದ ಗುರುಪಾದ ಸರ್.

"ಎನ್ನಲಾಗಿದೆ ಅಂದ್ರ ಪಂಚ್ ಎಲ್ಲಿ ಉಳೀತದ ಸರ್? ಜನ ಚಾನೆಲ್ ಬದಲಿ ಮಾಡ್ತಾರ."

ಹಾಗೇ ಓದಿದಳು. ಪಂಚ್ ಬಿತ್ತು. ಯಾರ ಮುಖಕ್ಕೆ ಬಿತ್ತು ಅನ್ನೋದು ಮಧ್ಯಾಹ್ನ ಗೊತ್ತಾಯಿತು...

ಕಾರಿನಲ್ಲಿ ಮನೆಗೆ ಹೊರಟಿದ್ದಳು. ದಾರಿಯಲ್ಲಿ ದೊಡ್ಡ ಗುಂಪು. ಎಕ್ಸ್‌ಕ್ಲೂಸಿವ್ ಸಿಕ್ಕಿತು ಅಂದುಕೊಂಡು ಮೊಬೈಲ್ ಕ್ಯಾಮೆರಾ ಆನ್ ಮಾಡಿಕೊಂಡೇ ಒಳಗೆ ನುಗ್ಗಿದಳು.

ನೆಲದ ಮೇಲೆ ಒಬ್ಬ ಮನುಷ್ಯ ಬಿದ್ದಿದ್ದ. ಒಂದು ಕಣ್ಣಿದ್ದ ಜಾಗದಲ್ಲಿ ರಕ್ತ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಹರಿದ ಅಂಗಿಗೆ ಗುಲಾಬಿ ಬಣ್ಣದ ಬೊಂಬಾಯಿ ಮಿಠಾಯಿ ಅಂಟಿಕೊಂಡಿತ್ತು.

ಅವನು ಮಕ್ಕಳನ್ನು ಕರೆಯಲು ಬಾರಿಸುತ್ತಿದ್ದ ಗಂಟೆಯಿಂದಲೇ ಒಬ್ಬ ಅವನ ತಲೆಗೆ ಬಡಿಯುತ್ತಿದ್ದ. ಬಡಿದಾಗೊಮ್ಮೆ ಅದು ಠಣ್ ಅನ್ನುತ್ತಿತ್ತು...

"ದಾರಿ ಬಿಡ್ರಲೇ, ಸುಜಯಾ ಮೇಡಂ ಬಂದಾರ," ಎಂದ ಇನ್ನೊಬ್ಬ. "ಬರ್ರಿ ಮೇಡಂ... ನೀವು ಹೇಳಿದ ಕಳ್ಳ ಸಿಕ್ಕಾನ್ರಿ."

ಸುಜಯಾ ಮೊಬೈಲ್ ಕೆಳಗಿಳಿಸಿದಳು. "ಬಿಡ್ರಿ ಅವನ್ನ, ಸತ್ತು ಹೋಗ್ತಾನ. ಅದು ಖಾತ್ರಿ ಸುದ್ದಿ ಅಲ್ರಿ..."

"ಖಾತ್ರಿ ಇಲ್ದ ಹೇಳ್ತೀರೇನ್ರಿ ನೀವು?"

ದಾರಿ ಬಿಡಿಸಿದವನು ನಗುತ್ತಾ ತನ್ನ ಮೊಬೈಲ್ ಎತ್ತಿ ಹಿಡಿದ. ಅದರಲ್ಲಿ ಅವಳದೇ ಗಂಟಲು... "ಮಕ್ಕಳ ಕಳ್ಳರು ಊರಿಗೆ ನುಗ್ಗಿದ್ದಾರೆ!"

ಮತ್ತೆ ಒದೆಗಳು ಬಿದ್ದವು. ಅವಳು ಕೂಗಿದಳು, ಕೈ ಮುಗಿದಳು, ಅತ್ತಳು. ಮೊಬೈಲಿನ ಸುಜಯಾಳ ಮುಂದೆ ಈ ಸುಜಯಾಳ ಮಾತನ್ನು ಯಾರೂ ಕೇಳಲಿಲ್ಲ.

ಕೊನೆಗೆ ನೆಲದ ಮೇಲೆ ಬಿದ್ದಿದ್ದವನ ಮೇಲೆ ಅಡ್ಡ ಬಿದ್ದುಬಿಟ್ಟಳು. ಅವನಿಗೆ ಬೀಸಿದ ಬಡಿಗೆ ಅವಳ ಬಾಯಿಗೆ ಬಿತ್ತು. ಮುಂದಿನ ಹಲ್ಲುಗಳು ಮುರಿದು ರಕ್ತದ ಜೊತೆ ಹೊರಗೆ ಬಂದವು. ಆಗ ಗುಂಪು ಹೆದರಿ ಚದುರಿತು...

ಅವನ ಹೆಸರು ದುರುಗಪ್ಪ. ಆಸ್ಪತ್ರೆಯಲ್ಲಿ ಜೀವ ಉಳಿಯಿತು, ಕಣ್ಣು ಉಳಿಯಲಿಲ್ಲ.

ಅವನ ಹೆಂಡತಿ ಶಾಂತವ್ವ ಬಂದು, ಬಾಯಿಗೆ ಹೊಲಿಗೆ ಹಾಕಿಸಿಕೊಂಡು ಮಲಗಿದ್ದ ಸುಜಯಾಳ ಕಾಲು ಹಿಡಿದುಕೊಂಡಳು. ಇವಳು ಯಾರು ಅನ್ನೋದು ಪಾಪ ಅವಳಿಗೆ ಗೊತ್ತಿರಲಿಲ್ಲ.

"ಆ ಟೀವಿಯಾಕಿ ನಾಲಿಗಿ ಸೇದಿ ಹೋಗ್ಲಿ ಯವ್ವಾ... ನನ್ನ ಗಂಡನ್ನ ಉಳಿಸಿದಾಕಿ, ನೀ ಮಾತ್ರ ನೂರು ವರ್ಷ ಬಾಳು."

ಸುಜಯಾಳಿಗೆ ಬಾಯಿ ತೆರೆಯಲು ಆಗಲಿಲ್ಲ. ಕಣ್ಣೀರು ದಿಂಬಿಗೆ ಇಳಿಯುತ್ತಲೇ ಇತ್ತು...

ಹೊಲಿಗೆ ಬಿಚ್ಚಿದ ಮೇಲೆ ಚಾನೆಲ್‌ನವರು ಅವಳಿಗೆ ಪ್ರೈಮ್ ಟೈಮ್ ಕೊಟ್ಟರು. "ಬಡವನ ಜೀವ ಉಳಿಸಿದ ವೀರ ಆ್ಯಂಕರ್..." ಅವಳ ಬಗ್ಗೆ ಬರೆದ ಸ್ಟೋರಿಯನ್ನು ಅವಳೇ ಓದಬೇಕಿತ್ತು. ಹತ್ತು ವರ್ಷದ ಕನಸು.

ಲೈವ್ ಶುರುವಾಯಿತು. ಸುಜಯಾ ಆ ಹಾಳೆಯನ್ನು ಪಕ್ಕಕ್ಕೆ ಇಟ್ಟಳು. ಮುರಿದ ಹಲ್ಲಿನಿಂದ ಮಾತು ತೊದಲುತ್ತಿತ್ತು.

"ದುರುಗಪ್ಪ ಯಾವ ಮಗುವನ್ನೂ ಕದ್ದಿರಲಿಲ್ಲ. ಅವರ ಕಣ್ಣು ಹೋಗಿದ್ದು ನಾನು ಓದಿದ ಸುದ್ದಿಯಿಂದ. ಶಾಂತವ್ವಾ... ನೀವು ಶಾಪ ಹಾಕಿದ ಆ ಟೀವಿಯಾಕಿ ನಾನೇ."

ಆಮೇಲೆ ಹೇಳಿದಳು...

"ಈ ಸುದ್ದಿಗೆ 'ಎನ್ನಲಾಗಿದೆ' ಬೇಕಾಗಿಲ್ಲ."

ಕೈಯಿಂದ ಹೊಡೆದವರು ಮಾತ್ರ ಹೊಡೆದವರಲ್ಲ... ಖಾತ್ರಿ ಇಲ್ಲದೆ ಹೇಳಿದವರೂ ಹೊಡೆದವರೇ.

ಇವತ್ತು ನೀವು ಫಾರ್ವರ್ಡ್ ಮಾಡಿದ್ದರಲ್ಲಿ ಎಷ್ಟು ನಿಜ ಅಂತ ನಿಮಗೆ ಗೊತ್ತಿತ್ತು?